ಉಪ್ಪುನೀರಿನ ಪಾಲು

ಕೈಯನ್ನು ಎರಡು ನಿಮಿಷ ತೊಳೆಯಬೇಕು ಎಂದು ನಲ್ಲಿಯ ಮೇಲೆ ಬರೆದಿತ್ತು. ಅವನು ಆಗಲೇ ಮೂರನೇ ಸಲ ತೊಳೆಯುತ್ತಿದ್ದ. ಉಗುರಿನ ಸಂದು, ಬೆರಳಿನ ಸಂದು, ಮಣಿಕಟ್ಟು, ಮೊಣಕೈ. ಮೊಣಕೈಯಿಂದ ತೊಟ್ಟಿಕ್ಕುವ ಹನಿಗಳನ್ನು ಯಾರೋ ಹಿಂದೆ ನಿಂತು ಎಣಿಸುತ್ತಿದ್ದಾರೆ ಅನ್ನಿಸಿ ತಿರುಗಿ ನೋಡಿದ. ಗಾಜಿನ ಗೋಡೆಯಾಚೆ ರಿಜಿಸ್ಟರ್ ತೆರೆದಿಟ್ಟುಕೊಂಡು ಕೂತಿದ್ದ ಹೆಂಗಸು ಫೋನಿನಲ್ಲಿ ಮಗಳ ಶೂ ಅಳತೆಯ ಬಗ್ಗೆ ಯಾರೊಡನೆಯೋ ಜಗಳವಾಡುತ್ತಿದ್ದಳು. ಆಸ್ಪತ್ರೆಯ ಈ ಕೋಣೆಯಲ್ಲಿ ಅವನು ಬೆರೆಸಿದ ಔಷಧಿಯನ್ನು ನೋಡಿ, ಸರಿಯಿದೆ ಎಂದು ಅವನ ಸಹಿಯ ಕೆಳಗೆ ಇನ್ನೊಂದು ಸಹಿ ಹಾಕುವುದು ಅವಳ ಕೆಲಸ. ಅದಕ್ಕೇ ಎಲ್ಲರೂ ಅವಳನ್ನು ಎರಡನೇ ಸಹಿ ಎಂದು ಕರೆಯುತ್ತಿದ್ದರು. ಅವಳೂ ಓಗೊಡುತ್ತಿದ್ದಳು. ಈಗ ಫೋನಿಟ್ಟು ಗಾಜು ತಟ್ಟಿದಳು. "ಏನ್ ಸಾರ್, ಚರ್ಮ ಕಿತ್ತು ಬರೋ ಹಾಗೆ ಉಜ್ತಿದೀರ! ಕೊಲೆ ಗಿಲೆ ಮಾಡಿ ಬಂದ್ರಾ ಹೇಗೆ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ ಅವನ ಎರಡೂ ಕೈ ತಾವಾಗಿಯೇ ನಲ್ಲಿಯಿಂದ ಹಿಂದೆ ಸರಿದವು. ನಗಬೇಕೆಂದುಕೊಂಡ. ಮುಖಕ್ಕೆ ಮಾಸ್ಕ್ ಇದ್ದದ್ದು ಎಷ್ಟೋ ಒಳ್ಳೆಯದಾಯಿತು.

ಮೇಜಿನ ಮೇಲೆ ಎರಡು ಸೀಸೆಗಳಿದ್ದವು. ಒಂದರಲ್ಲಿ ಬರೀ ಉಪ್ಪುನೀರು. ಇನ್ನೊಂದರಲ್ಲಿ ಹಾಲಿನ ಪಾತ್ರೆ ತೊಳೆದ ನೀರಿನಂಥದು. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ತುಸು ನೀಲಿ. ಆ ನೀಲಿ ಬರುವುದು ನ್ಯಾನೋ ಕಣಗಳಿಂದ. ಕೂದಲಿನ ಅಗಲದಲ್ಲಿ ಸಾವಿರ ಕಣ ಸಾಲಾಗಿ ನಿಲ್ಲುತ್ತವೆ ಎಂದು ಡಾಕ್ಟರಮ್ಮ ಹೊಸಬರಿಗೆಲ್ಲ ಹೇಳುತ್ತಿದ್ದರು. ಎಂಟು ವರ್ಷ ಅದರ ಹಿಂದೆ ಬಿದ್ದವರು ಅವರು. ನಡುಕದ ಕಾಯಿಲೆಗೆ ಬೇಕಾದ ಔಷಧಿ ರಕ್ತದಲ್ಲಿ ಎಷ್ಟು ಸುತ್ತಿದರೂ ಮೆದುಳಿನೊಳಕ್ಕೆ ಹೋಗುವುದಿಲ್ಲ, ನಡುವೆ ಒಂದು ತಡೆಯಿದೆ. ಕೊಬ್ಬಿನ ಸಣ್ಣ ಚಿಪ್ಪಿನೊಳಗೆ ಅದನ್ನು ಅಡಗಿಸಿ ಕಳಿಸಿದರೆ ದಾಟಬಹುದು. ಇದನ್ನು ಅವನು ಭಾವನಿಗೆ ಹೇಳಿದ ದಿನ, ಟೈಲರ್ ಆದ ಭಾವ ಬಾಯಲ್ಲಿದ್ದ ದಾರ ತೆಗೆದು, "ಅಂದ್ರೆ ಮೆದುಳಿನ ಬಾಗಿಲಲ್ಲಿ ಒಬ್ಬ ವಾಚ್‌ಮ್ಯಾನ್ ಇದಾನೆ. ಬರಿಮೈಲಿ ಬಂದ್ರೆ ಒಳಗೆ ಬಿಡಲ್ಲ. ನೀವು ಔಷಧಿಗೊಂದು ಕೋಟು ಹೊಲಿದು ಕಳಿಸ್ತೀರ, ಯಾರೋ ಸಾಹೇಬ್ರು ಅಂದ್ಕೊಂಡು ಅವನು ಸಲಾಮು ಹೊಡೆದು ಬಿಡ್ತಾನೆ. ಇಷ್ಟೇ ತಾನೆ?" ಎಂದಿದ್ದರು. ಇಷ್ಟೇ ಭಾವ, ಎಂದಿದ್ದ. ಕೋಟಿಗೆ ಗುಂಡಿ ಹಾಕೋದು ಮಾತ್ರ ನಮ್ಮ ಗುಂಡಿ, ಎಂದು ಭಾವ ಅಕ್ಕನ ಕಡೆ ನೋಡಿ ನಕ್ಕಿದ್ದರು. ಅವನು ಅಕ್ಕನ ಮನೆ ಸೇರಿದಾಗ ಹತ್ತು ವರ್ಷ. ಅಂಗಡಿಯ ಡಬ್ಬಿಗಳಲ್ಲಿ ಬಣ್ಣಬಣ್ಣದ ಗುಂಡಿಗಳನ್ನು ಬೇರ್ಪಡಿಸುತ್ತ ಮಾತಿಲ್ಲದೆ ಕೂತಿರುತ್ತಿದ್ದವನಿಗೆ ಆ ಹೆಸರು ಬಿತ್ತು. ಗುಂಡಿ ಅಂದ್ರೆ ಅಂಗೀದು, ರಸ್ತೇದಲ್ಲ, ಎಂದು ಭಾವ ಗಿರಾಕಿಗಳಿಗೆ ಪರಿಚಯ ಮಾಡಿಕೊಡುತ್ತಿದ್ದರು.

ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷಿಸುವಾಗ ಹೋಲಿಸಿ ನೋಡಲೆಂದು ಕೆಲವರಿಗೆ ಬರೀ ಉಪ್ಪುನೀರನ್ನೇ ಕೊಡುತ್ತಾರೆ. ಯಾರಿಗೆ ಕಣ, ಯಾರಿಗೆ ಉಪ್ಪುನೀರು ಎಂಬುದನ್ನು ಎಲ್ಲೋ ಒಂದು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿತ್ತು. ರೋಗಿಗೆ ಗೊತ್ತಿಲ್ಲ, ನರ್ಸಿಗೆ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿಲ್ಲ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ, ಪರೀಕ್ಷೆ ಕೆಡುತ್ತದೆ. ಗೊತ್ತಿದ್ದದ್ದು ಇಬ್ಬರಿಗೆ: ಬೆರೆಸುವ ಅವನಿಗೆ, ಬೆರೆಸಿದ್ದನ್ನು ನೋಡಬೇಕಾದ ಎರಡನೇ ಸಹಿಗೆ. ಬೆರೆಸಿದ ಮೇಲೆ ಡ್ರಿಪ್ ಚೀಲಕ್ಕೂ ನಳಿಕೆಗೂ ಕಂದು ಬಣ್ಣದ ಹೊದಿಕೆ ಹಾಕಿ ಹೊರಗೆ ಕಳಿಸಿದರೆ, ಒಳಗಿನದು ಹಾಲೋ ನೀರೋ ಯಾರಿಗೂ ಕಾಣುವುದಿಲ್ಲ. ಈ ಕೆಲಸಕ್ಕೆ ಕೂರುವ ಮೊದಲು ನನ್ನ ಸಂಬಂಧಿಕರಾರೂ ಇದರಲ್ಲಿ ಇಲ್ಲ ಎಂಬ ಕಾಗದಕ್ಕೆ ಅವನು ಸಹಿ ಹಾಕಿದ್ದ. ಹಾಕಿದಾಗ ಅದು ನಿಜವಾಗಿತ್ತು. ಎರಡು ತಿಂಗಳ ಮೇಲೆ ಅಕ್ಕ ಬಂದಳು. "ನಿಮ್ಮಲ್ಲಿಗೇ ನಿಮ್ಮ ಭಾವನ ಹೆಸರು ಕೊಟ್ಟಿದೀವಿ. ನಿನಗೂ ನಮಗೂ ಸಂಬಂಧ ಅಂತ ಎಲ್ಲೂ ಬಾಯಿ ಬಿಟ್ಟಿಲ್ಲ." ಅವನು ಬೇಡ ಅನ್ನುವುದಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಅವಳು ಅವನ ಅಂಗಿಯ ಕಾಲರಿನ ಮಡಿಕೆ ಸರಿಮಾಡುತ್ತ, "ನೀನು ಒಳಗಿದೀಯಲ್ಲ, ಸಾಕು" ಎಂದಳು. ಆ ಅಂಗಿ ಭಾವ ಹೊಲಿದದ್ದು. ಅವರ ಕೈ ನಡುಗುವುದಕ್ಕೆ ಮುಂಚೆ ಹೊಲಿದ ಕೊನೆಯ ನಾಲ್ಕರಲ್ಲಿ ಒಂದು. ಮಾರನೇ ವಾರ ಪಟ್ಟಿಯಲ್ಲಿ ಭಾವನ ಸಂಖ್ಯೆಯ ಎದುರು ಅವನು ನೋಡಿದ್ದು: ಉಪ್ಪುನೀರು.

ಬುಧವಾರ ಬಿಟ್ಟು ಬುಧವಾರ, ಒಟ್ಟು ಹದಿನಾಲ್ಕು ಸಲ. ಮೊದಲನೆಯ ದಿನ ಕಾರಿಡಾರಿನಲ್ಲಿ ಎದುರಾದ ಭಾವ ಬಗ್ಗಿ, "ನಮಸ್ಕಾರ ಸಾರ್, ಮೂರನೇ ನಂಬರ್ ರೂಮು ಯಾವ ಕಡೆ ಬರುತ್ತೆ?" ಎಂದು ಕೇಳಿ, ನರ್ಸಿಗೆ ಕಾಣದ ಹಾಗೆ ಕಣ್ಣು ಮಿಟುಕಿಸಿದ್ದರು. ಮಕ್ಕಳ ನಾಟಕದಲ್ಲಿ ಪಾತ್ರ ಸಿಕ್ಕವರ ಸಂಭ್ರಮ ಅವರಿಗೆ. ತನಗೆ ಮೊದಲ ಪ್ಯಾಂಟು ಹೊಲಿದುಕೊಟ್ಟವರು, ಶಾಲೆಯ ಕಾಗದಗಳಲ್ಲಿ ತಂದೆಯ ಜಾಗದಲ್ಲಿ ಸಹಿ ಹಾಕಿದವರು ತನ್ನನ್ನು ಸಾರ್ ಅಂದದ್ದಕ್ಕೆ, ಅದಕ್ಕಿಂತ ಹೆಚ್ಚಾಗಿ ತಾನು ಬೆರಳೆತ್ತಿ ಆ ಕಡೆ ಎಂದು ತೋರಿಸಿದ್ದಕ್ಕೆ, ಅವನಿಗೆ ಇಡೀ ದಿನ ಬಾಯಿ ಕಹಿಯಾಗಿತ್ತು. ಆಮೇಲೆ ನಡೆದದ್ದು ಇನ್ನೂ ಕಷ್ಟದ್ದು. ಭಾವ ಸುಧಾರಿಸಿದರು. ಎರಡನೇ ಸಲಕ್ಕೆ ಲೋಟ ತುಳುಕುವುದು ಕಡಿಮೆಯಾಯಿತು, ಮೂರನೆಯದಕ್ಕೆ ತಾವೇ ಅಂಗಿ ತೊಟ್ಟರು, ನಾಲ್ಕನೆಯದಾದ ಮೇಲೆ ಒಂದು ಮಧ್ಯಾಹ್ನ ಅಕ್ಕ ಚಿಂದಿಯ ತುಂಡೊಂದನ್ನು ಅವನ ಕೈಗಿತ್ತಳು. ಅದರಲ್ಲಿ ಒಂದು ಕಾಜಾ. ಗುಂಡಿ ತೂರುವ ತೂತಿನ ಸುತ್ತ ಒತ್ತೊತ್ತಾಗಿ, ಒಂದಕ್ಕೊಂದು ತಾಗಿಕೊಂಡು ಹಾಕಿದ ಹೊಲಿಗೆ. ತುದಿಯಲ್ಲಿ ಮಾತ್ರ ಸ್ವಲ್ಪ ಸೊಟ್ಟ. "ಎರಡು ವರ್ಷ ಆಗಿತ್ತು ಕಣೋ ಅವರು ಸೂಜಿ ಹಿಡಿದು" ಎಂದು ಅವಳು ಅತ್ತಳು. ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆ ಕೃತಜ್ಞತೆ ಅವನಿಗೆ ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವಾಯಿತು. ನಂಬಿಕೆಯಿಂದಲೇ ಹೀಗಾಗುವುದುಂಟು, ಈ ಕಾಯಿಲೆಯಲ್ಲಿ ಅದು ಹೆಚ್ಚು, ಎಂದು ಅವನು ಓದಿದ್ದ. ಎಷ್ಟು ದಿನ ಇರುತ್ತದೆ ಅನ್ನುವುದನ್ನೂ ಓದಿದ್ದ.

ಐದನೆಯ ಸಲದ ಹೊತ್ತಿಗೆ ಲೋಟ ಮತ್ತೆ ತುಳುಕಿತು. ಆರನೆಯದಾದ ವಾರ ಭಾವ ಬಚ್ಚಲಲ್ಲಿ ಬಿದ್ದು ಹಲ್ಲು ಮುರಿದುಕೊಂಡರು. ಅಕ್ಕ ಫೋನು ಮಾಡಿ ಬೇರೇನೂ ಕೇಳಲಿಲ್ಲ, "ಔಷಧಿ ಏನಾದ್ರೂ ಕಮ್ಮಿ ಬೀಳ್ತಿದೆಯಾ? ನೀನೇ ಅಲ್ವಾ ಹಾಕೋದು?" ಎಂದಳಷ್ಟೆ. ಏಳನೆಯ ಬುಧವಾರ ಅವನು ಕೈ ತೊಳೆದು ಒಳಗೆ ಬಂದ, ಸೀಸೆಗಳ ಮುಚ್ಚಳ ಒರೆಸಿದ, ಸೂಜಿ ಚುಚ್ಚಿ ಎಳೆದ. ಭಾವನ ಚೀಟಿ ಅಂಟಿಸಿದ್ದ ಚೀಲಕ್ಕೆ ನೀಲಿ ಅಂಚಿನ ಹಾಲು ಹೋಯಿತು. ಅದೇ ದಿನ ಬರುತ್ತಿದ್ದ ಇನ್ನೊಬ್ಬ ರೋಗಿಯ ಚೀಲಕ್ಕೆ ನೀರು. ಎರಡು ಸೀಸೆ ಒಳಗೆ ಬಂದಿದ್ದವು, ಎರಡು ಖಾಲಿ ಸೀಸೆ ಹೊರಗೆ ಹೋದವು. ಎರಡನೇ ಸಹಿ ಹೊದಿಕೆಯನ್ನು ಬಿಚ್ಚಿ ನೋಡಬೇಕಿತ್ತು. "ನೀವು ಮಾಡಿದ ಮೇಲೆ ನಾನೇನು ನೋಡೋದು ಬಿಡಿ ಸಾರ್" ಎಂದು ಸಹಿ ಹಾಕಿದಳು. ಇಷ್ಟು ವರ್ಷ ಪ್ರಾಮಾಣಿಕನಾಗಿದ್ದು ಕೂಡಿಸಿಕೊಂಡ ಹೆಸರು ಆ ಒಂದು ಕೆಲಸಕ್ಕೆ ಉಪಯೋಗಕ್ಕೆ ಬಂತು. ಎದೆ ಹೊಡೆದುಕೊಳ್ಳುತ್ತದೆ ಅಂದುಕೊಂಡಿದ್ದ, ಏನೂ ಆಗಲಿಲ್ಲ. ಹಸಿವಾಯಿತು. ಕ್ಯಾಂಟೀನಿಗೆ ಹೋಗಿ ಎಂದಿಗಿಂತ ಹೆಚ್ಚಾಗಿ ಉಂಡ. ಆ ಉಂಡದ್ದನ್ನು ನೆನೆಸಿಕೊಂಡರೆ ಈಗಲೂ ಅವನಿಗೆ ನಾಚಿಕೆಯಾಗುತ್ತದೆ, ಬದಲಾಯಿಸಿದ್ದಕ್ಕಿಂತ ಹೆಚ್ಚು. ಭಾವನಿಗೆ ಅಂದು ಸಂಜೆ ಚಳಿ ಬಂತು, ಎರಡು ದಿನ ಮೈ ಸುಟ್ಟಿತು. ಈಗ ನೋಡು ಔಷಧಿ ಒಳಗೆ ಕೆಲಸ ಮಾಡ್ತಿದೆ, ಎಂದು ಅಕ್ಕ ಖುಷಿಪಟ್ಟಳು. ಎಂಟನೆಯದು, ಒಂಬತ್ತನೆಯದು. ಪ್ರತಿ ಸಲವೂ ಚಳಿ, ಪ್ರತಿ ಸಲವೂ ಕೈ ಹಾಗೇ. ನಡುಕ ಎಡಗೈಗೂ ಬಂತು.

ಇನ್ನೊಬ್ಬ ರೋಗಿ ಎಂದರೆ ಪಟ್ಟಿಯಲ್ಲಿ ಒಂದು ಸಂಖ್ಯೆ. ಅದಕ್ಕೆ ಮುಖ ಇರಕೂಡದು ಎಂದು ಅವನು ಬುಧವಾರಗಳಲ್ಲಿ ಕಾರಿಡಾರಿಗೇ ಹೋಗುತ್ತಿರಲಿಲ್ಲ. ಒಂಬತ್ತನೆಯ ಬುಧವಾರ ಚೀಲಗಳನ್ನು ಹೊರಗೆ ಕಳಿಸಿದ ಮೇಲೆ, ಮೇಲಕ್ಕೆ ಹೋಗಲು ಲಿಫ್ಟಿನೊಳಗೆ ಕಾಲಿಟ್ಟರೆ ಬೆಳ್ಳಿಕೂದಲಿನ, ಕೈಚೀಲವನ್ನು ಎದೆಗವಚಿಕೊಂಡ ಹೆಂಗಸೊಬ್ಬಳು ಗುಂಡಿಯನ್ನು ಒತ್ತಲಾರದೆ ಅಲ್ಲೇ ನಿಂತಿದ್ದಳು. ಬೆರಳು ಮೂರಕ್ಕೆ ಗುರಿಯಿಟ್ಟರೆ ಎರಡಕ್ಕೋ ನಾಲ್ಕಕ್ಕೋ ಬೀಳುತ್ತಿತ್ತು. "ಮೂರು ತಾನೆ?" ಎಂದು ಅವನೇ ಒತ್ತಿದ. ಅವಳಿಗೆ ಮಾತು ಬೇಕಾಗಿತ್ತು. "ಮೂವತ್ತಾರು ವರ್ಷ ಕೋರ್ಟಿನಲ್ಲಿ ಟೈಪಿಸ್ಟು ಸಾರ್. ಜಡ್ಜ್ ಸಾಹೇಬ್ರ ಬಾಯಿಂದ ಮಾತು ಬೀಳೋ ಮುಂಚೆ ಕಾಗದದ ಮೇಲೆ ಬಿದ್ದಿರ್ತಿತ್ತು. ಈಗ ನೋಡಿ, ಒಂದು ಗುಂಡಿ ಒತ್ತಕ್ಕೆ ಬರಲ್ಲ." ನಕ್ಕಳು. ಬುಧವಾರ ಬಿಟ್ಟು ಬುಧವಾರ ಬರುತ್ತೇನೆ ಎಂದಳು. ಆ ದಿನ ಬರುತ್ತಿದ್ದವರು ಇಬ್ಬರೇ. "ಮೊದಮೊದಲು ಎಷ್ಟು ಚೆನ್ನಾಗಿ ಹಿಡೀತು ಗೊತ್ತಾ? ಮನೆ ಬೀಗ ನಾನೇ ತೆಗೀತಿದ್ದೆ. ಒಂದು ತಿಂಗಳಾಯ್ತು, ಮತ್ತೆ ಪಕ್ಕದ ಮನೆಯವರನ್ನ ಕರೀಬೇಕು. ಅವರು ಇಲ್ಲ ಅಂದ್ರೆ ಮೆಟ್ಟಿಲ ಮೇಲೆ ಕೂತಿರ್ತೀನಿ." ಮನೆಯಲ್ಲಿ ಬೇರೆ ಯಾರೂ ಇಲ್ಲವಾ, ಎಂದು ಅವನು ಕೇಳಿದ. ಯಾಕೆ ಕೇಳಿದನೋ. "ಯಾರಿದ್ದಾರೆ, ನಾನೊಬ್ಳೇ. ಡಾಕ್ಟ್ರು ಕೈಗೆ ವ್ಯಾಯಾಮ ಹೇಳಿಕೊಟ್ಟಿದ್ರು. ಸ್ವಲ್ಪ ಹುಷಾರಾದ ತಕ್ಷಣ ಸೋಮಾರಿತನ ಮಾಡಿ ಬಿಟ್ಟುಬಿಟ್ಟೆ. ಅದಕ್ಕೇ ಹೀಗಾಯ್ತು. ಅವರಿಗೆ ಹೇಳಕ್ಕೆ ನಾಚಿಕೆ ಸಾರ್, ತಪ್ಪೆಲ್ಲ ನಂದೇ." ಬಾಗಿಲು ತೆರೆಯಿತು. ಬರ್ತೀನಿ ಸಾರ್, ಎಂದು ಅವಳು ಸಣ್ಣ ಸಣ್ಣ ಹೆಜ್ಜೆ ಇಡುತ್ತ ಹೋದಳು. ಅವನು ಇಳಿಯಲಿಲ್ಲ. ಲಿಫ್ಟು ಯಾರೋ ಕರೆದ ಕಡೆಗೆಲ್ಲ ಅವನನ್ನು ಕೊಂಡೊಯ್ದಿತು.

ಭಾನುವಾರ ಮಧ್ಯಾಹ್ನ ಅವನು ಅಕ್ಕನ ಮನೆಗೆ ಹೋದ. ಭಾವ ಬಟ್ಟೆ ಕತ್ತರಿಸುವ ಉದ್ದ ಮೇಜಿನ ಮುಂದೆ ಕೂತಿದ್ದರು. ಮೇಲೆ ಬಟ್ಟೆಯಿರಲಿಲ್ಲ, ಎರಡು ಕೈ ಮಾತ್ರ ಇದ್ದವು, ಬೇರೆ ಯಾರದೋ ಸಾಮಾನನ್ನು ಇಟ್ಟುಕೊಂಡ ಹಾಗೆ. ಹೋದವನೇ ಕಿಟಕಿಯ ಸಡಿಲವಾದ ಚಿಲಕ ಬಿಗಿ ಮಾಡಲು ಶುರುಮಾಡಿದ. ಆಮೇಲೆ ಫ್ಯಾನು ಒರೆಸಿದ. ಭಾವ ನೋಡುತ್ತಲೇ ಇದ್ದರು. "ಏನು ಮಾಡಿದೀಯ ಹೇಳೋ ಗುಂಡಿ. ಚಿಕ್ಕವನಿದ್ದಾಗಲೂ ಹೀಗೇ. ಏನಾದ್ರೂ ಒಡೆದು ಬಂದ ದಿನ ಅಂಗಡಿ ಗುಡಿಸ್ತಿದ್ದೆ." ಅವನು ಕುರ್ಚಿಯಿಂದ ಇಳಿದ. ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದ. ಆರು ಸಲ ಉಪ್ಪುನೀರು, ಮೂರು ಸಲ ಔಷಧಿ, ಆ ಮೂರೂ ಬೇರೊಬ್ಬರ ಪಾಲಿನದು. ಹೇಳುವಾಗ ಭಾವನ ಮುಖ ನೋಡಲಿಲ್ಲ. ಕೊನೆಗೆ ನೋಡಿದರೆ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅಲ್ಲಿದ್ದದ್ದು ಅವನು ಊಹಿಸಿಯೇ ಇರದ ಒಂದು ಬೆಳಕು. "ತಾಳು ತಾಳು. ಆ ಕಾಜಾ ಹಾಕಿದಾಗ ನನ್ನ ಮೈಲಿ ಇದ್ದದ್ದು ಬರೀ ಉಪ್ಪುನೀರಾ?" "ಹೌದು ಭಾವ." "ಅಂದ್ರೆ ಅದನ್ನ ಹಾಕಿದ್ದು ನಾನೇ!" ಮಗುವಿನ ಹಾಗೆ ಅವರು ಅಕ್ಕನ ಕಡೆ ತಿರುಗಿದರು. "ಕೇಳಿದ್ಯಾ? ಔಷಧಿ ಗಿಷಧಿ ಏನೂ ಇಲ್ಲ. ನನ್ನ ಕೈಯೇ ಹಾಕಿದ್ದು ಅದು." ಆಮೇಲೆ ತಮ್ಮ ಎರಡು ಕೈಗಳನ್ನು ನೋಡಿಕೊಂಡರು. ಬೆಳಕು ಹೇಗೆ ಬಂತೋ ಹಾಗೇ ಹೋಯಿತು. ಔಷಧಿ ಬಂದ ಮೇಲೂ ಏನೂ ಆಗಿಲ್ಲ ಅನ್ನುವುದು ಅವರಿಗೆ ಆಗ ಅರ್ಥವಾಯಿತು.

ಅಕ್ಕ ಅವನ ಕಡೆ ತಿರುಗಿದಳು. "ಮೊದಲನೇ ದಿನದಿಂದಲೇ ಯಾಕೆ ಹಾಕಲಿಲ್ಲ?" ಕೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿ ಸೆರಗಿನ ತುದಿ ಸುತ್ತಿದಳು. ಆದರೂ ನಿಲ್ಲಿಸಲಿಲ್ಲ. "ಮೂರೇ ಸಲ ಆಗಿರೋದು. ಇನ್ನೂ ಐದು ಸಲ ಇದೆ. ಅಷ್ಟರಲ್ಲಿ ಹಿಡೀಬಹುದು. ಆ ಯಮ್ಮನ್ನ ನೋಡ್ಕೊಳ್ಳೋಕೆ ಅವರ ಮನೆಯವರು ಇರ್ತಾರೆ." "ಯಾರೂ ಇಲ್ಲ ಅಕ್ಕ ಅವರಿಗೆ." "ನನಗೆ ಮಾತ್ರ ಯಾರಿದ್ದಾರೆ?" ಎಂದು ಅವಳು ಗಟ್ಟಿಯಾಗಿ ಕೂಗಿದಳು. ಅವಳು ಕೂಗಿದ್ದನ್ನು ಅವನು ಆ ಮನೆಯಲ್ಲಿ ಕೇಳಿರಲೇ ಇಲ್ಲ. ಭಾವ ಮೇಜಿನ ಮೇಲೆ ಅಂಗೈ ಬಡಿದರು. ಬಡಿದದ್ದೋ ನಡುಗಿದ್ದೋ ತಿಳಿಯಲಿಲ್ಲ. "ಒಬ್ಬರ ಅಳತೆಗೆ ತಂದ ಬಟ್ಟೆ ಕದ್ದು ಇನ್ನೊಬ್ಬರಿಗೆ ಹೊಲಿದುಕೊಟ್ಟೋನನ್ನ ನಾನು ಅಂಗಡಿ ಮೆಟ್ಟಿಲು ಹತ್ತಿಸಿಲ್ಲ, ಗುಂಡಿ. ಗೊತ್ತು ತಾನೆ ನಿಂಗೆ?" "ಗೊತ್ತು ಭಾವ." "ಬುಧವಾರ ನಾನು ಬರಲ್ಲ. ನೀನು ಹೋಗಿ ಹೇಳು." ಆಮೇಲೆ ಧ್ವನಿ ಇಳಿಸಿ, "ನನಗೋಸ್ಕರ ಮಾಡಿದೆ ಅಂತ ಮಾತ್ರ ಅಲ್ಲಿ ಹೇಳಬೇಡ. ಅದು ನನಗೆ ಹೊರೋಕಾಗಲ್ಲ" ಎಂದರು. ಹೊರಡುವಾಗ ಅಕ್ಕ ಬಾಗಿಲವರೆಗೆ ಬರಲಿಲ್ಲ.

ಈಗ ಹತ್ತನೆಯ ಬುಧವಾರ, ಎರಡು ಸೀಸೆ, ಒಬ್ಬರೇ ರೋಗಿ. ಅವನು ಹಾಲಿನ ಸೀಸೆ ಎತ್ತಿಕೊಂಡ. ಇದನ್ನು ಅವಳ ಚೀಲಕ್ಕೆ ಬೆರೆಸಿ ಕಳಿಸಿಬಿಟ್ಟರೆ, ಇವತ್ತಿಂದ ಕೊನೆಯ ಸಲದವರೆಗೆ ಸರಿಯಾಗಿ ಕಳಿಸಿಬಿಟ್ಟರೆ, ನಡುವಿನ ಮೂರು ಬುಧವಾರಗಳು ಯಾರ ಕಣ್ಣಿಗೂ ಬೀಳದೆ ಮುಚ್ಚಿಹೋಗುತ್ತವೆ. ಅವಳಿಗೂ ಅದೇ ಒಳ್ಳೆಯದಲ್ಲವೇ? ಹೇಳಿದರೆ ಅವಳನ್ನು ಪರೀಕ್ಷೆಯಿಂದಲೇ ತೆಗೆದುಬಿಡುತ್ತಾರೆ, ಇರುವ ಔಷಧಿಯೂ ಹೋಗುತ್ತದೆ. ಈ ವಾದ ಎಷ್ಟು ಸರಾಗವಾಗಿ, ಎಷ್ಟು ಕರುಣೆಯಿಂದ ಬರುತ್ತಿದೆ ಎಂದು ಅವನಿಗೇ ಅಸಹ್ಯವಾಯಿತು. ಏಳನೆಯ ಬುಧವಾರ ಬಂದದ್ದೂ ಇದೇ ಕರುಣೆ, ಇದೇ ಧ್ವನಿ. ಮತ್ತೆ ಇನ್ನೊಂದು: ಅವಳು ಬದುಕಿರುವಷ್ಟು ದಿನ ತಪ್ಪು ತನ್ನದೇ ಎಂದುಕೊಂಡಿರುತ್ತಾಳೆ. ಸೀಸೆಯನ್ನು ಇದ್ದಲ್ಲೇ ಇಟ್ಟ. ಕೈಗವಸು ಕಳಚಿದ. "ಎಲ್ಲಿಗೆ ಸಾರ್? ಹೊತ್ತಾಯ್ತು, ಆ ಯಮ್ಮ ಬಂದು ಕೂತಿದಾರೆ" ಎಂದಳು ಎರಡನೇ ಸಹಿ. "ನಿಮಗೂ ಕಷ್ಟ ಬರುತ್ತೆ, ಕ್ಷಮಿಸಿ" ಎಂದು ಅವನು ದಾಟಿ ಹೋದ. ಅವಳ ಮುಖದಲ್ಲಿ ನಗು ಅರ್ಧಕ್ಕೇ ನಿಂತಿತ್ತು.

ಇಬ್ಬರ ಚೀಲ ಅದಲುಬದಲು ಮಾಡಿದ್ದೇನೆ ಎಂದು ಅವನು ಶುರುಮಾಡಿದೊಡನೆ ಡಾಕ್ಟರಮ್ಮ ಅಂಗೈ ಎತ್ತಿ ತಡೆದರು. "ಯಾರಿಗೆ ಯಾವುದು ಅಂತ ನನಗೆ ಹೇಳಬೇಡಿ. ನನಗೆ ಗೊತ್ತಾಗಬಾರದು." ಹೇಳಿದ ಮೇಲೆ, ಇನ್ನು ಅದನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂದು ಹೊಳೆದು ಆ ಕೈ ನಿಧಾನವಾಗಿ ಇಳಿಯಿತು. ಪೂರ್ತಿ ಕೇಳಿದರು. ತಾರೀಖು ಕೇಳಿದರು, ಬರೆದುಕೊಂಡರು. ಯಾಕೆ ಮಾಡಿದಿರಿ ಎಂದು ಕೇಳಿದಾಗ ಅವನು, ಸಂಬಂಧಿಕರು ಎಂದಷ್ಟೇ ಅಂದ. "ಇಬ್ಬರೂ ಹೊರಗೆ ಹೋಗ್ತಾರೆ. ನಿಮ್ಮ ಕೈ ಹಾದು ಹೋದ ಉಳಿದ ಇಪ್ಪತ್ತೆಂಟು ಜನರದ್ದನ್ನೂ ನಂಬೋ ಹಾಗಿಲ್ಲ. ಎಂಟು ವರ್ಷ..." ಎಂದು ನಿಲ್ಲಿಸಿದರು. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಆಕೆಗೆ ನಾನು ಹೇಳುವಾಗ ನೀವು ಇಲ್ಲೇ ಕೂತಿರಬೇಕು" ಎಂದರು. ನರ್ಸು ಅವಳನ್ನು ಕರೆತಂದಳು. "ಅಯ್ಯೋ, ಲಿಫ್ಟಿನ ಸಾರ್!" ಎಂದು ಅವಳು ಅವನನ್ನು ನೋಡಿ ಸಂತೋಷಪಟ್ಟಳು. ಡಾಕ್ಟರಮ್ಮ ಹೇಳತೊಡಗಿದಾಗ ಅವಳು ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು. ನಂತರ ಅವನನ್ನು ಮಾತ್ರ ನೋಡಿದಳು.

"ಮೂರು ಸಲ?" "ಹೌದು." "ಹಾಗಾದ್ರೆ ವ್ಯಾಯಾಮ ಬಿಟ್ಟಿದ್ದಕ್ಕಲ್ಲ?" ಅಲ್ಲವೆಂದು ಅವನು ತಲೆಯಾಡಿಸಿದ. ಅವಳ ಭುಜ ಒಂದು ಸಲ ಇಳಿಯಿತು. ಎಷ್ಟೋ ವಾರದಿಂದ ಎತ್ತಿ ಹಿಡಿದಿದ್ದನ್ನು ಕೆಳಗಿಟ್ಟ ಹಾಗೆ. ಆಮೇಲೆ ಕಣ್ಣು ತುಂಬಿತು. ಅವನು ಬೈಗುಳಕ್ಕೆ ಸಿದ್ಧನಾದ. "ಆ ಇನ್ನೊಬ್ಬರು ಯಾರು ಅಂತ ನಾನು ಕೇಳಲ್ಲ" ಎಂದಳು. "ಅವರಿಗೆ ಗುಣ ಆಯ್ತಾ?"

ಹೌದು ಅನ್ನಬಹುದಿತ್ತು. ಹೌದು ಅಂದರೆ ಅವಳ ಮೂರು ಬುಧವಾರಗಳು ಎಲ್ಲೋ ಒಬ್ಬರ ಕೈ ಸೇರಿದ ಲೆಕ್ಕವಾಗುತ್ತಿತ್ತು. "ಇಲ್ಲಮ್ಮ" ಎಂದ.

"ಅದಾದ್ರೂ ಆಗಿದ್ದಿದ್ರೆ..." ಅವಳು ಕೈಚೀಲದ ಬಾಯಿ ಮುಚ್ಚಲು ನೋಡಿದಳು, ಆಗಲಿಲ್ಲ, ಹಾಗೇ ಬಿಟ್ಟಳು. ಎಲ್ಲ ತಿಳಿಸಿದ್ದಾರೆ, ಪರೀಕ್ಷೆಯಿಂದ ಹೊರಗೆ ಬರುತ್ತಿದ್ದೇನೆ ಎಂಬ ಕಾಗದವನ್ನು ಡಾಕ್ಟರಮ್ಮ ಅವಳ ಮುಂದಿಟ್ಟು ಪೆನ್ನು ಕೊಟ್ಟರು. ಮುಂದೆ ಏನಾದರೂ ದಾರಿಯಿದ್ದರೆ ಖಂಡಿತ ಹುಡುಕುತ್ತೇನೆ, ಎಂದರು. ಪೆನ್ನು ತಾಗಿದೊಡನೆ ಕಾಗದ ಜಾರಿತು. ಇನ್ನೊಮ್ಮೆ ಇಟ್ಟಳು, ಇನ್ನೊಮ್ಮೆ ಜಾರಿತು. ಡಾಕ್ಟರಮ್ಮ ಹಿಡಿಯಲೆಂದು ಬಾಗಿದರು.

"ನೀವು ಬೇಡ ಡಾಕ್ಟ್ರೇ. ಅವರು ಹಿಡೀಲಿ."

ಅವನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಎರಡೂ ಅಂಗೈಗಳಿಂದ ಕಾಗದದ ಅಂಚುಗಳನ್ನು ಒತ್ತಿ ಹಿಡಿದ. ಅವಳ ಪೆನ್ನು ಒಂದು ಸಲ ಅವನ ಹೆಬ್ಬೆರಳನ್ನು ಗೀಚಿ ಹೋಯಿತು. ಮೊದಲಕ್ಷರ ದೊಡ್ಡದಾಗಿ ಬಂತು, ಮುಂದಿನದು ಅದಕ್ಕಿಂತ ಸಣ್ಣದು, ಅದರ ಮುಂದಿನದು ಇನ್ನೂ ಸಣ್ಣದು. ಕೊನೆಗೆ ಬರುವ ಹೊತ್ತಿಗೆ ಅಕ್ಷರಗಳು ಇರುವೆ ಸಾಲಿನಷ್ಟಾಗಿದ್ದವು. ಅವಳು ತುಟಿ ಕಚ್ಚಿಕೊಂಡು, ಒಂದನ್ನೂ ಬಿಡದೆ, ಕೊಂಬು ದೀರ್ಘಗಳನ್ನೂ ಬಿಡದೆ ಬರೆದಳು. ತುಂಬ ಹೊತ್ತು ಹಿಡಿಯಿತು. ಅಷ್ಟು ಹತ್ತಿರದಿಂದ ಅವಳ ಉಸಿರು ಕೇಳಿಸುತ್ತಿತ್ತು. ಅವನು ಕೈ ಅಲ್ಲಾಡಿಸಲಿಲ್ಲ.

"ಸಾಕು, ಆಯ್ತು" ಎಂದಳು ಅವಳು. "ಕೈ ತೆಗೀರಿ."